ಬಚ್ಚಲಿನ ಕಿಟಿಕಿ ಮುಚ್ಚುವ ಮುನ್ನ

ಧನು ತಿಂಗಳು ಬಂತೆಂದರೆ ಗಡಿನಾಡಿನ ಅನೇಕ ಮನೆಗಳಲ್ಲಿ ಬೆಳಗಾಗುವುದು ನಾಲ್ಕು ಗಂಟೆಗೆ. ದೇವಸ್ಥಾನಗಳಲ್ಲಿ ಧನುಪೂಜೆ, ಸೂರ್ಯ ಮೂಡುವ ಮೊದಲೇ ಮಿಂದು ಅಲ್ಲಿಗೆ ತಲುಪಬೇಕು. ಮನೆಯಲ್ಲಿ ಮಾಲೆ ಹಾಕಿದ ಅಯ್ಯಪ್ಪ ವ್ರತಧಾರಿಗಳಿದ್ದರೆ ಅವರ ಸ್ನಾನ ಇನ್ನೂ ಬೇಗ. ಮಂಗಳೂರಿನ ಕಾಲೇಜಿಗೆ ಹೋಗುವ ಮಕ್ಕಳು ಮೊದಲ ಬಸ್ಸು ಹಿಡಿಯಬೇಕು. ಅಂಗಳದಲ್ಲಿ ಹರಡಿದ ಅಡಿಕೆಯ ಮೇಲೆ ಮಂಜು ಬಿದ್ದಿರುತ್ತದೆ, ಮೂಡಣ ಗುಡ್ಡೆಗಳ ಕಡೆಯಿಂದ ಒಣ ಗಾಳಿ ಬೀಸುತ್ತದೆ. ಬಿಸಿನೀರಿಲ್ಲದೆ ಆಗುವುದೇ ಇಲ್ಲ ಅನ್ನುವ ತಿಂಗಳಿದು.

ಹಾಗಂತ ನಮ್ಮದು ಮಹಾ ಚಳಿಯೇನೂ ಅಲ್ಲ. ಕಡಲ ಬದಿಯಲ್ಲಿ ಉಷ್ಣಾಂಶ 20 ಡಿಗ್ರಿಯ ಆಸುಪಾಸಿಗೆ ಇಳಿದರೆ ಸಾಕು, ನಾವು ಪೆಟ್ಟಿಗೆಯಿಂದ ಕಂಬಳಿ ತೆಗೆಯುತ್ತೇವೆ. ಮಡಿಕೇರಿಯವರು ಕೇಳಿದರೆ ನಕ್ಕಾರು. ಇಲ್ಲಿ ಚಳಿಯೇ ಯಾರ ಪ್ರಾಣವನ್ನೂ ತೆಗೆಯುವುದಿಲ್ಲ. ಭಯವಿರುವುದು ಚಳಿ ಓಡಿಸಲು ನಾವು ಮಾಡಿಕೊಳ್ಳುವ ಏರ್ಪಾಡುಗಳದ್ದು. ಕಿಟಿಕಿ ಮುಚ್ಚುವುದು, ಒಳಗೆ ಬೆಂಕಿ ಇಡುವುದು, ನೀರಿಗೆ ಕರೆಂಟು ಕೊಡುವುದು. ಅಪರೂಪಕ್ಕೆ ಚಳಿ ಕಾಣುವ ನಮ್ಮಂಥವರಿಗೆ ಈ ಮೂರರ ಅಭ್ಯಾಸ ಕಡಿಮೆ. ಅಭ್ಯಾಸ ಇಲ್ಲದವರೇ ಎಡವುವುದು.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2020ರ ಜನವರಿ 21ರಂದು ನೇಪಾಳದ ದಮನ್ ಎಂಬಲ್ಲಿ, ಪ್ರವಾಸಕ್ಕೆ ಹೋಗಿದ್ದ ನಮ್ಮದೇ ಕೇರಳದ ಎಂಟು ಮಂದಿ ರೆಸಾರ್ಟಿನ ಒಂದೇ ಕೋಣೆಯಲ್ಲಿ ಪ್ರಾಣ ಬಿಟ್ಟರು. ಅವರಲ್ಲಿ ನಾಲ್ವರು ಮಕ್ಕಳು. ಚಳಿಗೆಂದು ಬಾಗಿಲು, ಕಿಟಿಕಿ ಭದ್ರಪಡಿಸಿ ಗ್ಯಾಸ್ ಹೀಟರ್ ಹಚ್ಚಿ ಮಲಗಿದ್ದರು. 2025ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕೋಣೆಯೊಳಗೆ ಇದ್ದಿಲ ಒಲೆ ಹೊತ್ತಿಸಿ ಮಲಗಿದ ಮೂವರು ಯುವಕರು ಮರುದಿನ ಏಳಲಿಲ್ಲ. ಅದಕ್ಕೆ ತಿಂಗಳು ಮೊದಲು ಪಿರಿಯಾಪಟ್ಟಣದಲ್ಲಿ ಅಕ್ಕ ತಂಗಿಯರಿಬ್ಬರು ಗ್ಯಾಸ್ ಗೀಸರ್ ಇದ್ದ ಸ್ನಾನದ ಕೋಣೆಯಲ್ಲೇ ಜೀವ ಕಳೆದುಕೊಂಡರು. ಊರು ಬೇರೆ, ಜನ ಬೇರೆ. ಕಾರಣ ಒಂದೇ.

ಆ ಕಾರಣದ ಹೆಸರು ಕಾರ್ಬನ್ ಮೊನಾಕ್ಸೈಡ್. ಉರಿಯುವ ಬೆಂಕಿಗೆ ಸಾಕಷ್ಟು ಗಾಳಿ ಸಿಗದಿದ್ದಾಗ ಹುಟ್ಟುವ ಅನಿಲ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಹೊಗೆ ಕಂಡರೆ ನಾವು ಓಡುತ್ತೇವೆ, ಇದು ಕಾಣುವುದೇ ಇಲ್ಲವಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆ ತಿರುಗುವುದು, ವಾಂತಿ ಬಂದಂತೆ ಆಗುವುದು. ಏನೋ ಆಗುತ್ತಿದೆ ಅನ್ನಿಸುವಷ್ಟರಲ್ಲಿ ಕಾಲಿಗೆ ಬಲವಿರುವುದಿಲ್ಲ. ಎರಡು ಹೆಜ್ಜೆ ದೂರದ ಚಿಲಕ ತೆಗೆಯಲೂ ಆಗದೆ ಅಲ್ಲೇ ಕುಸಿಯುತ್ತಾರೆ. ನಿದ್ದೆಯಲ್ಲಿದ್ದವರಿಗಂತೂ ಅಷ್ಟೂ ತಿಳಿಯುವುದಿಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ‘ಗ್ಯಾಸ್ ಸೋರಿದರೆ ವಾಸನೆ ಬರ್ತದಲ್ಲ, ಗೊತ್ತಾಗ್ತದೆ’ ಎಂದು ಬಹಳ ಮಂದಿ ಹೇಳುವುದುಂಟು. ಸಿಲಿಂಡರಿನ ಗ್ಯಾಸ್ ಸೋರಿದರೆ ವಾಸನೆ ಬರುವುದು ನಿಜ, ಅದಕ್ಕೆಂದೇ ವಾಸನೆ ಸೇರಿಸಿರುತ್ತಾರೆ. ಆದರೆ ಗೀಸರ್‌ನೊಳಗೆ ಅದೇ ಗ್ಯಾಸ್ ಉರಿದ ಮೇಲೆ ಹುಟ್ಟುವ ವಿಷಕ್ಕೆ ವಾಸನೆ ಎಲ್ಲಿಂದ ಬರಬೇಕು? ಸೋರುವಿಕೆ ಒಂದು ಅಪಾಯ, ಉರಿಯುವುದು ಇನ್ನೊಂದು. ಎರಡನ್ನೂ ಒಂದೇ ಎಂದುಕೊಂಡವರು ಎರಡನೆಯದಕ್ಕೆ ಸಿಕ್ಕಿಬೀಳುತ್ತಾರೆ.

ಹಾಗಾದರೆ ನಮ್ಮ ಅಜ್ಜ ಅಜ್ಜಿಯಂದಿರು ಇಡೀ ಜೀವಮಾನ ಬೆಂಕಿಯ ಪಕ್ಕದಲ್ಲೇ ಮಿಂದರಲ್ಲ, ಅವರಿಗೇನಾಯಿತು ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಅವರ ಬಚ್ಚಲು ಮನೆಯಿಂದ ಹೊರಗಿತ್ತು. ಬಿಸಿನೀರ ಕೊಟ್ಟಿಗೆ ಎಂದರೆ ಎದೆಯುದ್ದದ ಗೋಡೆ, ಅದರ ಮೇಲೆ ಮುಳಿಹುಲ್ಲಿನ ಅಥವಾ ಹಂಚಿನ ಮಾಡು. ಗೋಡೆಗೂ ಮಾಡಿಗೂ ನಡುವೆ ಬೆಕ್ಕು ದಾಟುವಷ್ಟು ಜಾಗ. ಒಲೆಯ ಬಾಯಿ ಹೊರಕ್ಕೆ, ಹಂಡೆ ಒಳಕ್ಕೆ. ಹೊಗೆಯೆಲ್ಲ ಹಂಚಿನ ಸಂದಿಯಿಂದ ಹೋಗುತ್ತಿತ್ತು. ಮೀಯುವಾಗ ಬೆನ್ನಿಗೆ ಚಳಿಗಾಳಿ ತಾಗುತ್ತಿತ್ತು ಎಂದು ನಾವೇ ಗೊಣಗಿದ್ದೇವೆ. ಆ ಚಳಿಗಾಳಿಯೇ ಕಾಪಾಡಿದ್ದು ಎಂದು ಆಗ ಯಾರಿಗೆ ಗೊತ್ತಿತ್ತು?

ಈಗ ತಾರಸಿ ಮನೆ. ಕೋಣೆಗೊಂದರಂತೆ ಅಟ್ಯಾಚ್ಡ್ ಬಾತ್‌ರೂಮ್. ಐದಡಿಗೆ ಏಳಡಿ ಜಾಗ, ಮೇಲೆ ಕಾಂಕ್ರೀಟು, ಗೋಡೆಗೆಲ್ಲ ಟೈಲ್ಸ್, ಬಾಗಿಲಿಗೆ ಪ್ಲಾಸ್ಟಿಕ್ ಹಲಗೆ. ಇರುವ ಒಂದು ವೆಂಟಿಲೇಟರಿಗೂ ಸೊಳ್ಳೆ ಬರುತ್ತದೆಂದು, ಚಳಿಯೆಂದು, ಪಕ್ಕದ ಮನೆಯವರಿಗೆ ಕಾಣುತ್ತದೆಂದು ಗಾಜು. ಗಾಳಿಯಾಡದ ಈ ಪೆಟ್ಟಿಗೆಯೊಳಗೆ ಹಳೆಯ ಬೆಂಕಿಯನ್ನು ಗ್ಯಾಸ್ ಗೀಸರ್ ಎಂಬ ಹೊಸ ಹೆಸರಿನಲ್ಲಿ ತಂದು ಗೋಡೆಗೆ ನೇತುಹಾಕಿದ್ದೇವೆ. ಕರೆಂಟಿನ ಬಿಲ್ಲು ಕಡಿಮೆ, ನಿಂತ ಹಾಗೇ ಬಿಸಿನೀರು ಅನ್ನುವುದು ಸರಿ. ಉರಿಯಲು ಅದಕ್ಕೆ ಬೇಕಾದ ಗಾಳಿ ಮಾತ್ರ ಮೀಯುವವರ ಪಾಲಿನದ್ದು.

ಈ ಸಾಲುಗಳನ್ನು ಬರೆಯುತ್ತಿರುವವರ ಹತ್ತಿರದ ಸಂಬಂಧಿಕರ ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ಇಂಥದೇ ಗೀಸರ್ ತಂದರು. ಜೋಡಿಸಲು ಬಂದವರು ಬಾತ್‌ರೂಮಿನ ಒಳಗೇ ಜೋಡಿಸಿ, ಹೊಗೆಕೊಳವೆಯೂ ಇಲ್ಲದೆ, ‘ಏನೂ ಆಗುದಿಲ್ಲ ಅಕ್ಕ, ಎಲ್ಲ ಕಡೆ ಹೀಗೇ ಹಾಕುದು’ ಎಂದು ಹೋದರು. ಒಂದು ತಿಂಗಳು ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಮನೆಯಲ್ಲಿ ನೆಂಟರು. ಮೂವರು ಒಬ್ಬರ ಹಿಂದೆ ಒಬ್ಬರಂತೆ ಮಿಂದು ಬಂದರು. ನಾಲ್ಕನೆಯವಳಾಗಿ ಹೋದ ಸೊಸೆ ಒಳಗೆ ಬಿದ್ದ ಸದ್ದು ಕೇಳಿಸಿತು. ಪುಣ್ಯಕ್ಕೆ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಎತ್ತಿ ತಂದು ಜಗಲಿಯಲ್ಲಿ ಮಲಗಿಸಿದರು, ಹೊರಗಿನ ಗಾಳಿಗೆ ಚೇತರಿಸಿಕೊಂಡಳು. ಪಿತ್ತ ಅಂದರು, ಉಪವಾಸ ಅಂದರು, ದೃಷ್ಟಿ ಅಂತಲೂ ಆಯಿತು. ಮೂರು ದಿನ ಕಳೆದು ಮಾವನಿಗೂ ಅದೇ ಬಚ್ಚಲಿನಲ್ಲಿ ತಲೆ ತಿರುಗಿದಾಗ ಮಾತ್ರ ಎಲ್ಲರೂ ಗೋಡೆಯ ಮೇಲಿನ ಆ ಪೆಟ್ಟಿಗೆಯನ್ನು ನೋಡಿದರು.

ಮೊದಲು ಮಿಂದವರಿಗೆ ಏನೂ ಆಗದೆ ಕೊನೆಯವರಿಗೇ ಯಾಕೆ ಆಯಿತು? ಗೀಸರ್ ಉರಿದಷ್ಟೂ ಕೋಣೆಯ ಆಮ್ಲಜನಕ ಕಡಿಮೆಯಾಗುತ್ತದೆ. ಆಮ್ಲಜನಕ ಕಡಿಮೆಯಾದಷ್ಟೂ ಅದು ಕೆಟ್ಟದಾಗಿ ಉರಿಯುತ್ತದೆ, ವಿಷ ಹೆಚ್ಚುತ್ತದೆ. ಮನೆಯಲ್ಲಿ ಕೊನೆಗೆ ಮೀಯುವವರು ಯಾರು? ಎಲ್ಲರಿಗೂ ತಿಂಡಿ ಮಾಡಿ, ಮಕ್ಕಳನ್ನು ಕಳುಹಿಸಿ ಆಮೇಲೆ ಹೋಗುವ ಹೆಂಗಸರು. ಗಂಡಸರು ಈ ಮಾತನ್ನು ಸ್ವಲ್ಪ ಯೋಚಿಸಬೇಕು.

ಗ್ಯಾಸ್ ಗೀಸರ್ ಇಟ್ಟುಕೊಂಡವರು ಅದನ್ನು ಎಸೆಯಬೇಕೆಂದೇನೂ ಇಲ್ಲ. ಗೀಸರ್, ಸಿಲಿಂಡರ್ ಎರಡೂ ಗೋಡೆಯ ಹೊರಗೆ ಗಾಳಿಯಾಡುವ ಕಡೆ ಇರಲಿ, ಬಿಸಿನೀರ ಪೈಪು ಮಾತ್ರ ಒಳಗೆ ಬರಲಿ. ಇದು ಒಬ್ಬ ಪ್ಲಂಬರನ ಅರ್ಧ ದಿನದ ಕೆಲಸ. ಅಲ್ಲಿಯವರೆಗೆ ಬಾಗಿಲು ತೆರೆದಿಟ್ಟೇ ಬಕೆಟು ತುಂಬಿಸಿ, ಗೀಸರ್ ಆರಿಸಿ, ಒಂದಷ್ಟು ಹೊತ್ತು ಗಾಳಿಯಾಡಲು ಬಿಟ್ಟು ಆಮೇಲೆ ಮೀಯಲು ಹೋಗಬೇಕು. ಉರಿ ನೀಲಿ ಇರಬೇಕು, ಹಳದಿಯಾದರೆ ಅಂದೇ ನಿಲ್ಲಿಸಿ ಸರ್ವಿಸ್ ಮಾಡಿಸಬೇಕು. ವೆಂಟಿಲೇಟರಿನ ಗಾಜು ತೆಗೆದು ಸೊಳ್ಳೆ ಬಲೆ ಹೊಡೆದರೆ ಸೊಳ್ಳೆಯ ತಕರಾರೂ ಮುಗಿಯಿತು. ಗ್ಯಾಸ್ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು ಎಂಬುದು ಅಡುಗೆಮನೆಗೂ ಅನ್ವಯ. ಸೋರಿದ ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಕಿಟಿಕಿ ಮಾತ್ರ ತೆರೆದರೆ ಸಾಲದು, ಬಾಗಿಲೂ ತೆರೆಯಬೇಕು.

ಗೀಸರ್ ಇಲ್ಲ, ನಮಗೇನು ಎಂದುಕೊಳ್ಳುವ ಮನೆಗಳಲ್ಲಿ ಬಾಣಂತಿ ಕೋಣೆ ಇರಬಹುದು. ಹೆರಿಗೆಯಾಗಿ ಬಂದ ಮಗಳಿಗೆ ಗಾಳಿ ತಾಗಬಾರದೆಂದು ಕಿಟಿಕಿ ಮುಚ್ಚಿ, ಬಾಗಿಲಿಗೆ ಪರದೆ ಹಾಕಿ, ಮಂಚದ ಬದಿಯಲ್ಲಿ ಕೆಂಡ ಇಡುವ ಕ್ರಮ ಇಂದಿಗೂ ಇದೆ. ಮಗುವಿನ ತಲೆ ಒಣಗಿಸಲು ಸಾಂಬ್ರಾಣಿ ಹೊಗೆ ಬೇರೆ. ಪ್ರೀತಿಯಿಂದ ಮಾಡುವ ಕೆಲಸವಿದು. ಟೀಕಿಸುವುದು ನಮ್ಮ ಉದ್ದೇಶವಲ್ಲ. ಆದರೆ ಹಳೆಯ ಮನೆಯ ಹಂಚಿನ ಮಾಡಿನಡಿ ನಡೆಯುತ್ತಿದ್ದ ಕ್ರಮವನ್ನು ತಾರಸಿ ಕೋಣೆಗೆ ತಂದಾಗ ಲೆಕ್ಕ ತಪ್ಪುತ್ತದೆ. ಉರಿ ಕಾಣದೆ ಕೆಂಪಗೆ ಕೂತ ಕೆಂಡವೇ ಹೆಚ್ಚು ಕೆಟ್ಟದ್ದು. ಹೊಗೆ ಇಲ್ಲ, ಹಾಗಾಗಿ ತೊಂದರೆ ಇಲ್ಲ ಎಂದು ಅನುಭವಸ್ಥ ಅಜ್ಜಿಯಂದಿರೂ ನಂಬಿರುತ್ತಾರೆ. ಮಗುವಿನ ಮೈ ಬೆಚ್ಚಗಿಡಲು ತಾಯಿಯ ಎದೆ, ಟೊಪ್ಪಿ, ಹತ್ತಿಬಟ್ಟೆ ಸಾಕು ಎಂದು ವೈದ್ಯರು ಹೇಳುತ್ತಾರೆ. ಕೆಂಡ ಬೇಕೇ ಬೇಕು ಎನ್ನುವವರು ಅದನ್ನು ಜಗಲಿಯಲ್ಲಿಟ್ಟು ಅದರ ಮೇಲೆ ಬಟ್ಟೆ ಬಿಸಿ ಮಾಡಿ ಒಳಗೆ ತನ್ನಿ. ಕೆಂಡ ಒಳಗೆ ಬೇಡ. ಈ ಮಾತು ಆಶಾ ಕಾರ್ಯಕರ್ತೆಯರ ಬಾಯಿಂದ ಬಂದರೆ ಅಜ್ಜಿಯಂದಿರು ಕೇಳಿಯಾರು, ಪತ್ರಿಕೆಯವರ ಮಾತು ಕೇಳುವುದು ಅನುಮಾನ.

ಯಾರಾದರೂ ಹೀಗೆ ಬಿದ್ದದ್ದು ಕಂಡರೆ ಮೊದಲು ಬಾಗಿಲು ಕಿಟಿಕಿ ತೆರೆದು, ಉಸಿರು ಹಿಡಿದು, ಅವರನ್ನು ಬಯಲಿಗೆ ತರಬೇಕು. ಎಚ್ಚರವಾದರೂ ಸುಮ್ಮನಿರಬಾರದು, ಆಮ್ಲಜನಕ ಕೊಡುವ ಆಸ್ಪತ್ರೆಗೆ ಒಯ್ಯಬೇಕು. ಆಂಬುಲೆನ್ಸಿಗೆ 108. ಗಡಿನಾಡಿನ ಹೆಚ್ಚಿನವರಿಗೆ ದೊಡ್ಡ ಆಸ್ಪತ್ರೆ ಎಂದರೆ ಈಗಲೂ ಮಂಗಳೂರೇ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆ ದೂರ ಎಷ್ಟೆಂದು ನಮಗೆಲ್ಲ ಗೊತ್ತಾಯಿತು. ಇನ್ನು ಬಿಸಿನೀರು ಬಿದ್ದು ಸುಟ್ಟರೆ ಟೂತ್‌ಪೇಸ್ಟು, ಜೇನು ಹಚ್ಚುವುದು ಬೇಡ. 20 ನಿಮಿಷ ತಣ್ಣೀರು ಹರಿಸಿ.

ಇನ್ನು ಕರೆಂಟಿನ ವಿಷಯ. ಬಕೆಟಿನಲ್ಲಿ ಇಳಿಬಿಡುವ ಹೀಟರ್ ಬಾಡಿಗೆ ಮನೆಗಳಲ್ಲಿ, ಹಾಸ್ಟೆಲುಗಳಲ್ಲಿ ಈಗಲೂ ಧಾರಾಳ. ನೀರು ಬಿಸಿಯಾಯಿತೇ ಎಂದು ಬೆರಳದ್ದಿ ನೋಡುವುದು ನಮ್ಮ ಹುಟ್ಟುಗುಣ. ಹಂಡೆಯ ಕಾಲದಿಂದ ಬಂದದ್ದು. ಸ್ವಿಚ್ ಆರಿಸಿ, ಪ್ಲಗ್ಗು ಕಿತ್ತು, ಆಮೇಲೆ ಮುಟ್ಟಿ. ಮಕ್ಕಳಿರುವ ಮನೆಗೆ ಆ ಸಾಮಾನು ತಾರದಿರುವುದೇ ಲೇಸು.

ಗೋಡೆಗೆ ಹಾಕುವ ಕರೆಂಟು ಗೀಸರ್ ಇದಕ್ಕಿಂತ ವಾಸಿ. ಆದರೆ ಅದಕ್ಕೆ ದೊಡ್ಡ ಪ್ಲಗ್ಗು, ಬೇರೆಯೇ ದಪ್ಪ ವಯರು, ಸರಿಯಾದ ಅರ್ತ್ ಬೇಕು. ಅರ್ತ್ ಬಗ್ಗೆ ನಮ್ಮ ಊರಿಗೆ ಸಂಬಂಧಪಟ್ಟ ಒಂದು ಸಂಗತಿ ಇದೆ. ಮುರಕಲ್ಲಿನ ಗುಡ್ಡೆಯ ಮೇಲೆ ಕಟ್ಟಿದ ಮನೆಗಳಲ್ಲಿ ಮಳೆಗಾಲದಲ್ಲಿ ಅರ್ತ್ ಸರಿಯಾಗಿಯೇ ಇರುತ್ತದೆ. ಡಿಸೆಂಬರ್ ನಂತರ ನೆಲ ಒಣಗಿತೆಂದರೆ ಹೂತ ಪೈಪಿನ ಸುತ್ತ ಪಸೆ ಇಲ್ಲದೆ ಅರ್ತ್ ದುರ್ಬಲವಾಗುತ್ತದೆ. ಗೀಸರ್ ಹೆಚ್ಚು ಉರಿಯುವುದೂ ಅದೇ ಹೊತ್ತಿಗೆ. ಹಿಂದೆ ವಯರಿಂಗಿನವರು ‘ಆ ಗುಂಡಿಗೆ ವಾರಕ್ಕೊಂದು ಕೊಡ ನೀರು ಹೊಯ್ಯಿ’ ಎಂದು ಹೇಳಿ ಹೋಗುತ್ತಿದ್ದರು. ಈಗ ಗುಂಡಿ ಎಲ್ಲಿದೆ ಎಂದೇ ಮನೆಯವರಿಗೆ ಗೊತ್ತಿಲ್ಲ, ಮೇಲೆ ಇಂಟರ್‌ಲಾಕ್ ಹಾಸಿಯಾಗಿದೆ.

ಇದಕ್ಕೆಲ್ಲ ಮೇಲಿನ ರಕ್ಷೆ ಇಎಲ್‌ಸಿಬಿ. ಈಗ ಬರುವುದಕ್ಕೆ ಆರ್‌ಸಿಸಿಬಿ ಎನ್ನುತ್ತಾರೆ. 30 ಮಿಲಿ ಆಂಪಿಯರ್‌ನದ್ದಾದರೆ ಮೈಗೆ ಶಾಕ್ ತಾಗುವಷ್ಟರಲ್ಲಿ ಕಣ್ಣೆವೆ ಇಕ್ಕುವ ಮೊದಲೇ ಕರೆಂಟು ಕಡಿಯುತ್ತದೆ. ಅದರ ಮೇಲೊಂದು ಟೆಸ್ಟ್ ಗುಂಡಿ ಇದೆ. ತಿಂಗಳಿಗೊಮ್ಮೆ ಒತ್ತಿದಾಗ ಮನೆ ಕತ್ತಲಾಗಬೇಕು. ಆಗದಿದ್ದರೆ ಅದು ಗೋಡೆಯ ಅಲಂಕಾರ ಅಷ್ಟೇ. ಪದೇ ಪದೇ ಬೀಳುತ್ತದೆಂದು ಅದನ್ನು ತಪ್ಪಿಸಿ ನೇರ ವಯರು ಕೊಟ್ಟ ಮನೆಗಳು ಎಷ್ಟಿಲ್ಲ? ಅದು ಬೀಳುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಮೇನ್‌ಸ್ವಿಚ್ಚಿನ ಪಕ್ಕದ ಎಂಸಿಬಿ ಈ ಕೆಲಸ ಮಾಡುವುದಿಲ್ಲ. ಅದು ವಯರನ್ನು ಕಾಯುತ್ತದೆ, ಮನುಷ್ಯರನ್ನಲ್ಲ. (ಮೇ ತಿಂಗಳ ತನಕ ಬಿಸಿಲಿಗೆ ಬರವಿಲ್ಲದ ನಮ್ಮ ಜಿಲ್ಲೆಯಲ್ಲಿ ಸೋಲಾರ್ ವಾಟರ್ ಹೀಟರ್ ಇನ್ನೂ ಶ್ರೀಮಂತರ ವಸ್ತುವಾಗಿಯೇ ಇರುವುದೇಕೆ ಎಂಬುದು ಬೇರೆಯೇ ಬರೆಯಬೇಕಾದ ವಿಷಯ.)

ಒಳಗಿನದ್ದು ಹೀಗಾದರೆ ಹೊರಗೆ ಗುಡ್ಡೆ ಒಣಗಿ ನಿಂತಿದೆ. ಮಳೆಗಾಲದಲ್ಲಿ ಆಳೆತ್ತರ ಬೆಳೆದ ಮುಳಿ ಈಗ ಕಡ್ಡಿ ಗೀರಿದರೆ ಹತ್ತುವ ಸ್ಥಿತಿಯಲ್ಲಿದೆ. ಹಿಂದೆ ಮನೆಗೆ ಹೊದಿಸಲು ಕೊಯ್ದು ಒಯ್ಯುತ್ತಿದ್ದರು. ಈಗ ಕೊಯ್ಯುವವರಿಲ್ಲ. ಬಚ್ಚಲ ಒಲೆಯಿರುವ ಮನೆಗಳಲ್ಲಿ ಸೌದೆ ಕೊಟ್ಟಿಗೆ ಪಕ್ಕದಲ್ಲೇ, ಒಳಗೆ ಮಡಲು, ಅಡಿಕೆ ಹಾಳೆ, ತೆಂಗಿನ ಸಿಪ್ಪೆ. ನಾಲ್ಕು ಗಂಟೆಗೆ ಬೆಂಕಿ ಹಾಕಿ, ಮಿಂದು ದೇವಸ್ಥಾನಕ್ಕೆ ಹೋದರೆ ಒಲೆ ನೋಡುವವರಿಲ್ಲ. ರೇಶನಿನ ಚಿಮಿಣಿ ಎಣ್ಣೆ ಸಿಗುವುದು ಕಷ್ಟವಾದ ಮೇಲೆ ಒಲೆಗೆ ಪೆಟ್ರೋಲು ಚಿಮುಕಿಸುವ ದುರ್ಬುದ್ಧಿಯೂ ಶುರುವಾಗಿದೆ. ರಬ್ಬರಿನ ಹೊಗೆಗೂಡು ಇರುವವರಿಗೆ ಟ್ಯಾಪಿಂಗಿನ ಈ ತಿಂಗಳುಗಳಲ್ಲಿ ರಾತ್ರಿಯಿಡೀ ಬೆಂಕಿ. ಶೀಟು ಹತ್ತಿದರೆ ನೀರಿಗೆ ಬಗ್ಗುವ ಬೆಂಕಿಯಲ್ಲ ಅದು.

ಬೆಳಗಿನ ಚಳಿಗೆ ತರಗೆಲೆ ಗುಡಿಸಿ ಬೆಂಕಿ ಕಾಯಿಸುವುದು ನಮಗೆಲ್ಲ ಇಷ್ಟ. ತೊಂದರೆಯಾಗುವುದು ಆಮೇಲೆ. ಬೂದಿಯೊಳಗೆ ಕೆಂಡ ಉಳಿದು, ಹತ್ತು ಗಂಟೆಗೆ ಗಾಳಿ ಎದ್ದಾಗ ಪಕ್ಕದ ಗೇರು ತೋಟಕ್ಕೆ ನೆಗೆಯುತ್ತದೆ. ಎರಡು ಕೊಡ ನೀರು ಹೊಯ್ದೇ ಒಳಗೆ ಹೋಗಬೇಕು. ಮನೆಯ ಸುತ್ತ ನಾಲ್ಕು ಮಾರು ಅಗಲಕ್ಕೆ ಹುಲ್ಲು ಕೆತ್ತಿಸಿ ಬಿಟ್ಟರೆ ಗುಡ್ಡೆಯ ಬೆಂಕಿ ಅಂಗಳಕ್ಕೆ ಬರುವುದಿಲ್ಲ, ಉದ್ಯೋಗ ಖಾತ್ರಿಯವರನ್ನು ಕಾಯದೆ ನಾವೇ ಮಾಡಬಹುದು. ಜಿಲ್ಲೆಯಲ್ಲಿ ಅಗ್ನಿಶಾಮಕ ಠಾಣೆಗಳಿರುವುದು ಉಪ್ಪಳ, ಕಾಸರಗೋಡು, ಕಾಞಂಗಾಡ್, ಕುತ್ತಿಕೋಲ್, ತೃಕ್ಕರಿಪುರಗಳಲ್ಲಿ. 101ಕ್ಕೆ ಕರೆ ಮಾಡಿದರೆ ಅವರು ಹೊರಡುತ್ತಾರೆ, ಅದರಲ್ಲಿ ಸಂಶಯವಿಲ್ಲ. ಪೆರ್ಲಕ್ಕೋ ಬಾಯಾರಿಗೋ ಅಡೂರಿಗೋ ತಲುಪಲು ಎಷ್ಟು ಹೊತ್ತು ಬೇಕೆಂಬುದು ಆ ದಾರಿಯಲ್ಲಿ ಬಸ್ಸಿನಲ್ಲಿ ಹೋದವರಿಗೆ ಗೊತ್ತು. ತಲುಪಿದ ಮೇಲೂ ಗೇಟಿನ ಕಮಾನಿನಡಿ ಗಾಡಿ ಹಿಡಿಸಬೇಕಲ್ಲ!

ಸೌದೆ ರಾಶಿಗೆ ಕತ್ತಲಲ್ಲಿ ಕೈ ಹಾಕುವವರು ಇನ್ನೊಂದನ್ನೂ ನೆನಪಿಡಬೇಕು. ಮಂಡಲದ ಹಾವು ಹೆಚ್ಚು ಓಡಾಡುವ ಕಾಲವಿದು. ಟಾರ್ಚು ಹಿಡಿದು, ಕೋಲಿನಿಂದ ತಟ್ಟಿ ಆಮೇಲೆ ಸೌದೆ ತೆಗೆಯಿರಿ. ಮನೆಯೊಳಗೆ ಬಂದರೆ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್‌ನಲ್ಲಿ ಹಾವು ಹಿಡಿಯುವವರ ಸಂಪರ್ಕ ಸಿಗುತ್ತದೆ.

ಇಷ್ಟನ್ನು ನಾವು ಬರೆಯುವುದು ಸುಲಭ. ಓದಬೇಕಾದವರಿಗೆ ತಲುಪುತ್ತದೆಯೇ? ವಿದ್ಯುತ್ ಮಂಡಳಿಯ ಎಚ್ಚರಿಕೆಗಳು, ಅಗ್ನಿಶಾಮಕ ದಳದ ಕರಪತ್ರಗಳು ಇಲ್ಲಿಗೆ ಬಂದರೆ ಸಾಮಾನ್ಯವಾಗಿ ಮಲೆಯಾಳದಲ್ಲಿ. ಗೀಸರ್ ಪೆಟ್ಟಿಗೆಯೊಳಗಿನ ಪುಸ್ತಕ ಇಂಗ್ಲಿಷು, ಹಿಂದಿ. ಕನ್ನಡ ಶಾಲೆಯಲ್ಲಿ ಏಳನೇ ತರಗತಿ ಓದಿದ ಮೀಂಜದ, ಎಣ್ಮಕಜೆಯ ಗೃಹಿಣಿ ಇದರಲ್ಲಿ ಯಾವುದನ್ನು ಓದಬೇಕು? ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂದಾಗ ನಾವು ಅರ್ಜಿ, ನೇಮಕಾತಿ, ಬೋರ್ಡುಗಳ ಬಗ್ಗೆ ಜಗಳಾಡುತ್ತೇವೆ. ಆಡಬೇಕಾದ್ದೇ. ಪ್ರಾಣಕ್ಕೆ ಸಂಬಂಧಿಸಿದ ಒಂದು ಪುಟದ ಎಚ್ಚರಿಕೆ ಕನ್ನಡದಲ್ಲಿ ಬರಬೇಕು ಎಂಬುದಕ್ಕೆ ಜಗಳವೂ ಬೇಕಾಗಬಾರದು.

ದಾರಿ ಇಲ್ಲದಿಲ್ಲ. ಹರಿತ ಕರ್ಮ ಸೇನೆಯ ಹೆಂಗಸರು ಪ್ಲಾಸ್ಟಿಕ್ ಸಂಗ್ರಹಿಸಲು ತಿಂಗಳಿಗೊಮ್ಮೆ ಮನೆಮನೆಗೆ ಬರುತ್ತಾರೆ. ಎರಡು ತಿಂಗಳಿಗೊಮ್ಮೆ ಮೀಟರ್ ರೀಡರ್ ಬರುತ್ತಾರೆ. ಪಂಚಾಯತುಗಳು ಒಂದು ಕನ್ನಡ ಹಾಳೆ ಅಚ್ಚು ಹಾಕಿಸಿ ಇವರ ಕೈಗೆ ಕೊಟ್ಟರೆ ಆಯಿತು. ಕುಟುಂಬಶ್ರೀ ಸಭೆಗಳಲ್ಲಿ ಓದಿಸಬಹುದು. ಮನೆ ನಂಬರ್ ಕೊಡುವಾಗ ಕಕ್ಕಸು ಗುಂಡಿ ಬಾವಿಯಿಂದ ಎಷ್ಟು ದೂರ ಎಂದು ಅಳೆಯುವವರು, ಬಾತ್‌ರೂಮಿನ ವೆಂಟಿಲೇಟರಿನಲ್ಲಿ ಗಾಳಿಯಾಡುತ್ತದೆಯೇ ಎಂದೂ ಒಮ್ಮೆ ತಲೆಯೆತ್ತಿ ನೋಡಲಿ. ಗೀಸರ್ ಮಾರುವ ಅಂಗಡಿಯವರು, ಜೋಡಿಸುವವರು ‘ಏನೂ ಆಗುದಿಲ್ಲ’ ಎನ್ನುವ ಮಾತನ್ನು ಈ ವರ್ಷಕ್ಕೆ ನಿಲ್ಲಿಸಲಿ.

ಕೊನೆಗೆ ಊರಿನಲ್ಲಿಲ್ಲದವರ ವಿಷಯ. ನಮ್ಮ ಜಿಲ್ಲೆಯಲ್ಲಿ ಕೊಲ್ಲಿಯಲ್ಲಿ ಮಗನೋ ಬೆಂಗಳೂರಿನಲ್ಲಿ ಮಗಳೋ ಇಲ್ಲದ ಮನೆ ಕಡಿಮೆ. ಮರುಭೂಮಿಯ ಜನವರಿ ಚಳಿ ನಮ್ಮದಕ್ಕಿಂತ ಎಷ್ಟೋ ಹೆಚ್ಚು, ಒಂದು ಕೋಣೆಯಲ್ಲಿ ಆರೆಂಟು ಮಂದಿ ಮಲಗುವ ಕಡೆ ಇದ್ದಿಲು ಹಚ್ಚುವವರಿದ್ದಾರೆ. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಹಿಂದಿನವರು ಬಿಟ್ಟುಹೋದ ಹಳೆಯ ಗ್ಯಾಸ್ ಗೀಸರ್ ಬಾತ್‌ರೂಮಿನಲ್ಲೇ ನೇತಾಡುತ್ತಿರುತ್ತದೆ. ಭಾನುವಾರ ಫೋನು ಬಂದಾಗ ಊಟ ಆಯಿತಾ ಎಂದು ಕೇಳಿದ ಮೇಲೆ ಇದನ್ನೂ ಕೇಳಿ. ನಿಮ್ಮ ಗೀಸರ್ ಒಳಗಿದೆಯಾ, ಹೊರಗಿದೆಯಾ? ಮಲಗುವಾಗ ಕಿಟಿಕಿ ಎಷ್ಟು ತೆರೆದಿಡುತ್ತೀರಿ? ವಿಡಿಯೋ ಕಾಲಿನಲ್ಲಿ ತೋರಿಸು ಎಂದರೂ ತಪ್ಪಿಲ್ಲ.